ಕಾಯ್ದೆ ಬಿಗಿಯಾದರೆ ಹುಲ್ಲು ಹಾಕುವವರು ಯಾರು?

(ಸಂಘದ ರಜತ ಮಹೋತ್ಸವದ ಅಂಗವಾಗಿ ಏರ್ಪಡಿಸಿದ್ದ ರೈತ ಗೋಷ್ಠಿಯಲ್ಲಿ ಸಂಘದ ನಿರ್ದೇಶಕರೊಬ್ಬರು ಮಾಡಿದ ಭಾಷಣ)



ಈ ಗೋಷ್ಠಿಯಲ್ಲಿ ನಮಗೆ ಕೊಟ್ಟಿರುವ ವಿಷಯ ಪ್ರಾಣಿಹಿಂಸೆ ತಡೆಯುವ ಕಾನೂನು ಮತ್ತು ರೈತ. ಇದು ವಕೀಲರು ಮಾತಾಡಬೇಕಾದ ವಿಷಯ. ನಾವು ಎಸ್ಸೆಸ್ಸೆಲ್ಸಿ ಮುಗಿಸಿ ನೇಗಿಲು ಹಿಡಿದವರು, ಈಗ ಹನ್ನೆರಡು ವರ್ಷದಿಂದ ನೀವು ಆರಿಸಿ ಕಳಿಸಿದ ನಿರ್ದೇಶಕರು. ಆದರೂ ಒಪ್ಪಿಕೊಂಡೆವು. ಕಾನೂನನ್ನು ಬರೆಯುವವರು ದೆಹಲಿಯಲ್ಲೋ ಬೆಂಗಳೂರಲ್ಲೋ ಬರೆಯುತ್ತಾರೆ, ಅದರ ಖರ್ಚು ಬಂದು ಬೀಳುವುದು ಕೊಟ್ಟಿಗೆ ಇದ್ದವರ ಮೇಲೆ. ಆ ಖರ್ಚಿನ ಲೆಕ್ಕ ಹೇಳಲು ವಕೀಲಿಕೆ ಓದಬೇಕಾಗಿಲ್ಲ.

ಮೊದಲೇ ಒಂದು ಮಾತು ಹೇಳಿಬಿಡುತ್ತೇವೆ. ರೈತ ಅಂದರೆ ಬಸವಣ್ಣನನ್ನು ಪೂಜೆ ಮಾಡುವವನು, ಅವನಲ್ಲಿ ಹಿಂಸೆ ಅನ್ನೋದೇ ಇಲ್ಲ ಅಂತ ಕೆಲವರು ಭಾಷಣ ಮಾಡುತ್ತಾರೆ. ಅದು ಪೂರ್ತಿ ನಿಜವಲ್ಲ. ಕಬ್ಬು ಕಡಿಯುವ ಕಾಲದಲ್ಲಿ ರಸ್ತೆಗೆ ಹೋಗಿ ನಿಂತು ನೋಡಿ. ಹೆಗಲು ಹುಣ್ಣಾಗಿ ನೊಗದ ಕೆಳಗೆ ರಕ್ತ ಜಿನುಗುತ್ತಿರುವ ಎತ್ತನ್ನು ಹೂಡಿಕೊಂಡು, ಏರು ಬಂದರೆ ಬಾರುಕೋಲಿನ ಮೊಳೆಯಿಂದ ತಿವಿಯುವವರು ಇದ್ದಾರೆ. ಹಾಲು ಸೊರೆ ಬಿಡಲಿ ಅಂತ ದಿನಾ ಸೂಜಿ ಚುಚ್ಚುವವರೂ ಇದ್ದಾರೆ. ಸೂಜಿ ಚುಚ್ಚಿದ್ದಕ್ಕೆ ಏನು ಶಿಕ್ಷೆ ಅಂತ ಬಹಳ ಜನಕ್ಕೆ ಗೊತ್ತಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ, ಹಸುವಿನ ಆರೋಗ್ಯ ಕೆಡುವ ಹಾಗೆ ಹಾಲಿಗಾಗಿ ಸೂಜಿ ಕೊಟ್ಟರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅದರ ಮೇಲೆ ಹಸುವೂ ಸರ್ಕಾರಕ್ಕೆ ಜಪ್ತಿ. ಹಸು ಹೋದರೆ ಸಾಲದ ಕಂತು ಮಾತ್ರ ನಮ್ಮ ಹತ್ತಿರ ಉಳಿಯುತ್ತೆ, ನೆನಪಿರಲಿ.

ಆದ್ದರಿಂದ ಕಾನೂನು ಬೇಡ ಅನ್ನುವವರ ಗುಂಪಿಗೆ ನಾವು ಸೇರಿದವರಲ್ಲ. ರುಕ್ಮಿಣಿದೇವಿ ಅರುಂಡೇಲ್ ಅನ್ನುವ ಮಹಾತಾಯಿ ರಾಜ್ಯಸಭೆಯಲ್ಲಿ ಪಟ್ಟು ಹಿಡಿದಿದ್ದರ ಫಲವಾಗಿ ಬಂದ ಕಾಯ್ದೆ ಅದು. ಆದರೆ ಅದರ 11ನೇ ಸೆಕ್ಷನ್‌ನಲ್ಲಿ ಬರೆದಿರುವ ದಂಡ ಕೇಳಿದರೆ ನಗು ಬರುತ್ತದೆ. ಪ್ರಾಣಿಯನ್ನು ಹೊಡೆದರೆ, ಮಿತಿಮೀರಿ ಹೇರು ಹೇರಿದರೆ, ಹಸಿವಿನಲ್ಲಿ ಕೆಡವಿದರೆ, ದಿಕ್ಕಿಲ್ಲದೆ ಬಿಟ್ಟು ಹೋದರೆ ಮೊದಲ ಸಲ ಹತ್ತರಿಂದ ಐವತ್ತು ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಮಾಡಿದರೆ ಇಪ್ಪತ್ತೈದರಿಂದ ನೂರು ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ಆ ಕಾಲಕ್ಕೆ ಐವತ್ತು ರೂಪಾಯಿ ಅಂದರೆ ಕೂಲಿಯವನು ಒಂದು ತಿಂಗಳು ದುಡಿಯಬೇಕಿತ್ತು ಅಂತ ನಮ್ಮ ಹಿರಿಯರು ಹೇಳುತ್ತಾರೆ. ಈಗ ಎರಡು ಟೀ, ಒಂದು ಪ್ಲೇಟ್ ಇಡ್ಲಿಗೆ ಸರಿಹೋಗುತ್ತೆ. 2022ರ ನವೆಂಬರ್‌ನಲ್ಲಿ ಕೇಂದ್ರ ಸರ್ಕಾರ ತಿದ್ದುಪಡಿಯ ಕರಡೊಂದನ್ನು ಜನರ ಮುಂದಿಟ್ಟಿತು. ಘೋರ ಹಿಂಸೆಗೆ 50,000ದಿಂದ 75,000 ರೂಪಾಯಿ ದಂಡ, ಒಂದರಿಂದ ಮೂರು ವರ್ಷ ಜೈಲು, ಕೊಂದರೆ ಐದು ವರ್ಷದವರೆಗೆ ಅಂತ ಅದರಲ್ಲಿತ್ತು. ಅದಕ್ಕೆ ಪೇಟೆಯ ಪ್ರಾಣಿಪ್ರಿಯರು ಚಪ್ಪಾಳೆ ತಟ್ಟಿದರು. ತಟ್ಟಲಿ, ಅವರ ಮರುಕ ಸುಳ್ಳಲ್ಲ. ನಮ್ಮದು ಒಂದೇ ಪ್ರಶ್ನೆ. ಹಿಡಿದುಕೊಂಡು ಹೋದ ರಾಸಿಗೆ ಹುಲ್ಲು ಹಾಕುವವರು ಯಾರು?

ಹುಲ್ಲಿನ ಲೆಕ್ಕ ಈ ಸಭೆಗೆ ನಾವು ಹೇಳಿಕೊಡಬೇಕಾಗಿಲ್ಲ. ಒಂದು ದೊಡ್ಡ ರಾಸಿಗೆ ದಿನಕ್ಕೆ ಐದಾರು ಕಿಲೋ ಒಣಹುಲ್ಲು, ಹದಿನೈದು ಇಪ್ಪತ್ತು ಕಿಲೋ ಹಸಿ ಮೇವು, ಒಂದಿಷ್ಟು ಬೂಸಾ ಹಿಂಡಿ, ನೀರು, ಸಗಣಿ ಬಾಚುವವರ ಕೂಲಿ. ಹೊಲ ಇದ್ದವರಿಗೆ ಇದು ಕಣ್ಣಿಗೆ ಕಾಣುವುದಿಲ್ಲ, ಎಲ್ಲವನ್ನೂ ಕೊಂಡು ಹಾಕುವವರಿಗೆ ಕಾಣುತ್ತದೆ. ಕಡಿಮೆಯಲ್ಲಿ ಕಡಿಮೆ ಅಂದರೂ ದಿನಕ್ಕೆ ನೂರೈವತ್ತು ರೂಪಾಯಿ ಅಂತ ಇಟ್ಟುಕೊಳ್ಳೋಣ. ವರ್ಷಕ್ಕೆ 54,750 ಆಯಿತು. ಒಂದು ಲಾರಿಯಲ್ಲಿ ಹತ್ತು ರಾಸು ಹಿಡಿದರು, ಕೇಸು ಒಂದು ವರ್ಷ ನಡೆಯಿತು ಅಂದರೆ ಮೇವಿಗೇ ಐದೂವರೆ ಲಕ್ಷ. ನಮ್ಮ ಕೋರ್ಟುಗಳಲ್ಲಿ ಒಂದು ವರ್ಷಕ್ಕೆ ಮುಗಿದ ಕೇಸನ್ನು ನೋಡಿದವರು ಇದ್ದರೆ ಕೈ ಎತ್ತಿ. ಈಗ ದಂಡದ ಲೆಕ್ಕ ಹಾಕಿ. ಹಳೇ ಕಾಯ್ದೆಯ ಐವತ್ತು ರೂಪಾಯಿ ಒಂದು ರಾಸಿನ ಬೆಳಗಿನ ಮೇವಿಗೂ ಆಗದು. ಹೊಸ ಕರಡಿನ 50,000 ಒಂದು ರಾಸಿನ ಒಂದು ವರ್ಷದ ಮೇವಿಗೆ ಸಾಲದು. ಅದೂ ಕೇಸು ಸಾಬೀತಾದ ಮೇಲೆ ತಾನೇ ಬರುವುದು? ಬಂದರೂ ಸರ್ಕಾರದ ಖಜಾನೆಗೆ ಹೋಗುತ್ತೆ, ಗೋಶಾಲೆಯ ಗೋದಲಿಗೆ ಬಂದು ಬೀಳುವುದಿಲ್ಲ.

ಮಾಲೀಕನಿಂದ ವಸೂಲಿ ಮಾಡಬಹುದಲ್ಲ ಅಂತ ಕೇಳಬಹುದು. ಕಾಯ್ದೆಯ 35ನೇ ಸೆಕ್ಷನ್‌ನಲ್ಲಿ ಅದಕ್ಕೆ ಅವಕಾಶ ಇದೆ. ಸಾಗಣೆ, ಮೇವು, ಔಷಧಿ ಖರ್ಚನ್ನೆಲ್ಲ ಮಾಲೀಕ ಕಟ್ಟಬೇಕು. 2017ರಲ್ಲಿ ಬಂದ ನಿಯಮದ ಪ್ರಕಾರ ಕೇಸು ಮುಗಿಯುವವರೆಗೆ ರಾಸನ್ನು ಗೋಶಾಲೆಗೋ ಪಿಂಜರಾಪೋಲಿಗೋ ಪ್ರಾಣಿದಯಾ ಸಂಘಕ್ಕೋ ಒಪ್ಪಿಸಬಹುದು. ಕಾಗದದ ಮೇಲೆ ಇದು ಸರಿಯಾಗಿಯೇ ಇದೆ. ನಡೆಯುವುದು ಹೇಗೆ ಅನ್ನುವುದಕ್ಕೆ ಪಕ್ಕದ ಊರಿನ ರೈತರೊಬ್ಬರ ಕಥೆ ಕೇಳಿ. ಹೆಸರು ಬೇಡ. ಜಾತ್ರೆಯಲ್ಲಿ ಜೋಡಿ ಎತ್ತು ಕೊಂಡರು. ಬಾಡಿಗೆ ಉಳಿಸಲು ನಾಲ್ಕೈದು ಮನೆಯವರು ಸೇರಿ ಒಂದೇ ಲಾರಿಗೆ ಎಂಟು ರಾಸು ಹತ್ತಿಸಿದರು. 1978ರ ಸಾಗಣೆ ನಿಯಮದಲ್ಲಿ ಒಂದು ಲಾರಿಗೆ ಆರು ರಾಸಿಗಿಂತ ಹೆಚ್ಚು ಹತ್ತಿಸುವ ಹಾಗಿಲ್ಲ, ಜತೆಗೆ ಪಶುವೈದ್ಯರ ಸರ್ಟಿಫಿಕೇಟೂ ಬೇಕು. ದಾರಿಯಲ್ಲಿ ತಡೆದರು, ಕೇಸಾಯಿತು, ರಾಸುಗಳು ದೂರದ ಒಂದು ಆಶ್ರಯಕ್ಕೆ ಹೋದವು. ತಪ್ಪು ತಪ್ಪೇ, ಎಂಟು ಹತ್ತಿಸಬಾರದಿತ್ತು. ಬಿಡಿಸಿಕೊಳ್ಳಲು ತಿಂಗಳುಗಟ್ಟಲೆ ಅಲೆದರು. ಕೊನೆಗೆ ಆದೇಶ ಕೈಗೆ ಬಂದಾಗ ಜೋಡಿಯಲ್ಲಿ ಒಂದು ಸತ್ತಿತ್ತು, ಇನ್ನೊಂದರ ಪಕ್ಕೆಲುಬು ಎಣಿಸಬಹುದಾಗಿತ್ತು, ಮೇವಿನ ಬಾಕಿ ಅಂತ ಕೊಟ್ಟ ಚೀಟಿಯ ಮೊತ್ತ ಎತ್ತಿನ ಬೆಲೆಗೆ ಸಮಸಮ ಬಂದಿತ್ತು. ಹಿಂಸೆ ತಪ್ಪಿಸಲು ಹಿಡಿದ ಎತ್ತು ಹಸಿವಿನಿಂದ ಸತ್ತರೆ ಅದಕ್ಕೆ ಯಾವ ಸೆಕ್ಷನ್ ಹಾಕುತ್ತಾರೆ? ಆಶ್ರಯದವರನ್ನು ಬೈದು ಫಲವಿಲ್ಲ. ಐವತ್ತು ರಾಸಿಗೆ ಕಟ್ಟಿದ ಕೊಟ್ಟಿಗೆಗೆ ಇನ್ನೂರು ರಾಸು ತುಂಬಿಸಿದರೆ ಅವರಾದರೂ ಎಲ್ಲಿಂದ ತರುತ್ತಾರೆ!

ನಮ್ಮ ಹಿರಿಯರಿಗೆ ಬಂದೀದೊಡ್ಡಿ ಗೊತ್ತು. ಈಗಿನ ಹುಡುಗರಿಗೆ ಅದೊಂದು ಮುರುಕು ಗೋಡೆ ಅಷ್ಟೇ. ಬೆಳೆಗೆ ನುಗ್ಗಿದ ದನವನ್ನು ದೊಡ್ಡಿಗೆ ಕೂಡುತ್ತಿದ್ದರು. ಅಲ್ಲಿ ಹುಲ್ಲು ನೀರು ಹಾಕಲು ಒಬ್ಬ ಆಳು ಇರುತ್ತಿದ್ದ. ಮಾಲೀಕ ದಂಡ ಕಟ್ಟಿ, ತಿಂದ ಮೇವಿನ ದುಡ್ಡು ಕಟ್ಟಿ ಹೊಡೆದುಕೊಂಡು ಹೋಗುತ್ತಿದ್ದ. ಬರದಿದ್ದರೆ ಹರಾಜು. ಎಲ್ಲಾ ಕೆಲವು ದಿನಗಳಲ್ಲಿ ತೀರ್ಮಾನ. ಆ ಕಾನೂನು ಬರೆದವರಿಗೆ ದನ ದಿನಾ ತಿನ್ನುತ್ತದೆ ಅನ್ನುವ ಅರಿವು ಇತ್ತು ಅಂತ ಕಾಣುತ್ತೆ.

ಎರಡನೇ ಖರ್ಚು ಡಾಕ್ಟರದು. ವೇದಿಕೆ ಮೇಲಿರುವ ಡಾಕ್ಟರು ತಪ್ಪು ತಿಳಿಯಬಾರದು. 2019ರ ಜಾನುವಾರು ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ ಸುಮಾರು 85 ಲಕ್ಷ ದನ, ಸುಮಾರು 30 ಲಕ್ಷ ಎಮ್ಮೆ ಎಣಿಕೆಗೆ ಬಂದಿವೆ. ಕುರಿ ಮೇಕೆ ಬೇರೆ. ನಮ್ಮ ಹೋಬಳಿ ಆಸ್ಪತ್ರೆಗೆ ಒಬ್ಬರೇ ಡಾಕ್ಟರು, ಅವರಿಗೇ ಪಕ್ಕದ ಹೋಬಳಿಯ ಪ್ರಭಾರ. ಕಾಲುಬಾಯಿ ಜ್ವರದ ಲಸಿಕೆ, ಕಿವಿಗೆ ಓಲೆ ಹಾಕುವುದು, ವಿಮೆ, ಗಣತಿ ಎಲ್ಲಾ ಅವರದೇ ಮೇಲ್ವಿಚಾರಣೆ. ಕಾಯ್ದೆ ಬಿಗಿಯಾದ ಮೇಲೆ ಸಾಗಣೆ ಸರ್ಟಿಫಿಕೇಟಿಗೆ ಅವರೇ, ಗಾಯದ ವರದಿಗೆ ಅವರೇ, ಸತ್ತರೆ ಮರಣೋತ್ತರ ಪರೀಕ್ಷೆಗೆ ಅವರೇ, ಕೋರ್ಟಿನಲ್ಲಿ ಸಾಕ್ಷಿ ಹೇಳಲೂ ಅವರೇ. ಅವರು ಸಾಕ್ಷಿಗೆ ಹೋದ ದಿನ ನಮ್ಮ ಮನೆ ಹಸುವಿಗೆ ಕರು ಅಡ್ಡ ತಿರುಗಿದರೆ ಏನು ಗತಿ? 1962ಕ್ಕೆ ಫೋನು ಮಾಡಿದರೆ ಗಾಡಿ ಬರುತ್ತದೆ ನಿಜ, ಅದೂ ಒಳ್ಳೆಯ ಕೆಲಸ. ಆದರೆ ಕರು ಕಾಯುವುದಿಲ್ಲ. ಒಂದು ಕೇಸಿನ ಸಾಕ್ಷಿಗೆ ಹೋದ ದಿನದ ಖರ್ಚು ಯಾವ ಬಜೆಟ್ಟಿನಲ್ಲೂ ಬರೆದಿರುವುದಿಲ್ಲ, ಅದು ಯಾರದೋ ಕೊಟ್ಟಿಗೆಯಲ್ಲಿ ಸತ್ತ ಹಸುವಾಗಿ ಜಮಾ ಆಗುತ್ತೆ.

ಮೂರನೆಯದು ಗಂಡುಕರು. ಇದನ್ನು ಹೇಳಲು ಸಂಕೋಚವಾಗುತ್ತದೆ, ತಾಯಂದಿರು ಕೂತಿದ್ದೀರಿ. ಆದರೂ ಹೇಳಬೇಕು. ಹಿಂದೆ ಹೋರಿಕರು ಹುಟ್ಟಿದರೆ ಮನೆಯಲ್ಲಿ ಸಂತೋಷ, ಎರಡು ವರ್ಷಕ್ಕೆ ಹೂಡುವ ಎತ್ತಾಗುತ್ತಿತ್ತು. ಹಳ್ಳಿಕಾರ್ ಹೋರಿಗೆ ಇಂದಿಗೂ ಜಾತ್ರೆಯಲ್ಲಿ ಬೆಲೆ ಇದೆ. ಸೀಮೆಹಸುವಿನ ಗಂಡುಕರುವನ್ನು ಏನು ಮಾಡೋಣ? ಇಣಿಲಿಲ್ಲದ ಬೆನ್ನಿಗೆ ನೊಗ ಸರಿಯಾಗಿ ಕೂರುವುದಿಲ್ಲ, ಬಿಸಿಲು ತಡೆಯುವುದಿಲ್ಲ, ಉಳುವುದಕ್ಕೆ ಹೇಗೂ ಟ್ರ್ಯಾಕ್ಟರ್ ಬಂತು. ದಿನಕ್ಕೆ ಮೂರು ಲೀಟರ್ ಹಾಲು ಅದಕ್ಕೆ ಕುಡಿಸಿದರೆ ಬಟವಾಡೆಯಲ್ಲಿ ಅಷ್ಟು ಕಡಿಮೆ. 1964ರ ಕಾಯ್ದೆ ಇದ್ದಾಗ ಹನ್ನೆರಡು ವರ್ಷ ಮೀರಿದ ಇಲ್ಲವೇ ಕೈಲಾಗದ ಎತ್ತು, ಹೋರಿ, ಎಮ್ಮೆಯನ್ನು ಅಧಿಕಾರಿಯ ಸರ್ಟಿಫಿಕೇಟ್ ಮೇಲೆ ವಿಲೇವಾರಿ ಮಾಡಲು ದಾರಿ ಇತ್ತು. 2021ರ ಜನವರಿಯಲ್ಲಿ ಜಾರಿಗೆ ಬಂದ ಕಾಯ್ದೆಯಲ್ಲಿ ಹದಿಮೂರು ವರ್ಷ ಮೀರಿದ ಎಮ್ಮೆ ಕೋಣ ಬಿಟ್ಟರೆ ಉಳಿದವಕ್ಕೆ ಆ ದಾರಿ ಮುಚ್ಚಿತು. ಮೂರರಿಂದ ಏಳು ವರ್ಷ ಜೈಲು, 50,000ದಿಂದ ಐದು ಲಕ್ಷದವರೆಗೆ ದಂಡ. ಆ ಕಾಯ್ದೆ ಬೇಕೋ ಬೇಡವೋ ಅನ್ನುವ ಚರ್ಚೆಗೆ ನಾವು ಇಲ್ಲಿ ಹೋಗುವುದಿಲ್ಲ. ಈ ಸಂಘದಲ್ಲಿ ಎಲ್ಲಾ ಪಕ್ಷದವರೂ ಎಲ್ಲಾ ಜಾತಿಯವರೂ ಇದ್ದೀರಿ, ಇಪ್ಪತ್ತೈದು ವರ್ಷ ಒಡೆಯದೆ ನಡೆದಿರುವುದು ರಾಜಕೀಯವನ್ನು ಗೇಟಿನ ಹೊರಗೆ ಇಟ್ಟಿದ್ದಕ್ಕೆ. ಆದರೆ ಆಮೇಲೆ ಏನಾಯಿತು ಅನ್ನುವುದು ಎಲ್ಲರ ಕಣ್ಣ ಮುಂದೆ ಇದೆ. ರಾತ್ರೋರಾತ್ರಿ ಕರುಗಳು ಹೆದ್ದಾರಿ ಪಕ್ಕ, ದೇವಸ್ಥಾನದ ಹಿಂದೆ, ಸಂತೆಮಾಳದಲ್ಲಿ ಪ್ರತ್ಯಕ್ಷ ಆಗುತ್ತವೆ. ಹೀಗೆ ಬಿಟ್ಟು ಬರುವುದೂ 1960ರ ಕಾಯ್ದೆಯಲ್ಲಿ ಹಿಂಸೆಯೇ. ಬಿಟ್ಟವರು ಸಿಗುವುದಿಲ್ಲ, ಕರು ಮಾತಾಡುವುದಿಲ್ಲ. ರಾತ್ರಿ ಬೈಕಿನಲ್ಲಿ ಬಂದ ಹುಡುಗ ಅದಕ್ಕೆ ಗುದ್ದಿ ಸೊಂಟ ಮುರಿದುಕೊಂಡರೆ ಆ ಆಸ್ಪತ್ರೆ ಖರ್ಚೂ ಈ ಲೆಕ್ಕದ್ದೇ ಅಲ್ಲವೇ?

ಸರ್ಕಾರಕ್ಕೂ ಇದು ತಿಳಿಯದೆ ಇಲ್ಲ. 2022ರಲ್ಲಿ ಪುಣ್ಯಕೋಟಿ ದತ್ತು ಯೋಜನೆ ಅಂತ ಮಾಡಿದರು. ಒಂದು ರಾಸು ದತ್ತು ತೆಗೆದುಕೊಳ್ಳಲು ವರ್ಷಕ್ಕೆ 11,000 ರೂಪಾಯಿ. ಸರ್ಕಾರಿ ನೌಕರರ ಸಂಬಳದಲ್ಲೂ ಆ ವರ್ಷ ಇದಕ್ಕೆ ವಂತಿಗೆ ಹಿಡಿದರು. 11,000ವನ್ನು ದಿನಕ್ಕೆ ಹಂಚಿ ನೋಡಿ, ಮೂವತ್ತು ರೂಪಾಯಿ ಬರುತ್ತೆ. ಮೂವತ್ತು ರೂಪಾಯಿಗೆ ಒಂದು ದನ ಸಾಕುವ ವಿದ್ಯೆ ಯಾರಿಗಾದರೂ ಗೊತ್ತಿದ್ದರೆ ನಮ್ಮ ಸಂಘಕ್ಕೆ ಬಂದು ಹೇಳಿಕೊಡಲಿ, ಶಾಲು ಹೊದಿಸಿ ಸನ್ಮಾನ ಮಾಡುತ್ತೇವೆ.

ಬೀದಿನಾಯಿಯ ವಿಷಯ ಎತ್ತಿದರೆ ಜಗಳ ಆಗುತ್ತೆ, ಚಿಕ್ಕದಾಗಿ ಹೇಳುತ್ತೇವೆ. ಇದೇ 1960ರ ಕಾಯ್ದೆಯ ಕೆಳಗೆ 2001ರಲ್ಲಿ ಒಂದು ನಿಯಮ, 2023ರಲ್ಲಿ ಅದನ್ನು ತೆಗೆದು ಇನ್ನೊಂದು ನಿಯಮ ಬಂತು. ನಾಯಿ ಹಿಡಿದು ಸಂತಾನಹರಣ ಮಾಡಿ, ಹುಚ್ಚಿನ ಲಸಿಕೆ ಹಾಕಿ, ಹಿಡಿದ ಜಾಗಕ್ಕೇ ಬಿಡಬೇಕು, ಅದು ಸ್ಥಳೀಯ ಸಂಸ್ಥೆಯ ಹೊಣೆ ಅಂತ ಅದರಲ್ಲಿದೆ. ಸಾಯಿಸುವುದಕ್ಕಿಂತ ಇದು ಒಳ್ಳೆಯ ಪದ್ಧತಿ ಅಂತಲೇ ನಮ್ಮ ಅಭಿಪ್ರಾಯ. ಆದರೆ ನಮ್ಮ ಪಂಚಾಯಿತಿಯಲ್ಲಿ ಬೀದಿದೀಪದ ಕರೆಂಟ್ ಬಿಲ್ಲೇ ಬಾಕಿ. ಆಪರೇಷನ್ ಮಾಡಲು ಕೊಠಡಿ ಎಲ್ಲಿ, ಡಾಕ್ಟರು ಎಲ್ಲಿ? ಹೊಣೆ ಹೊರಿಸಿದವರು ಹಣದ ಮಾತು ಬಂದಾಗ ಮೌನ. ಹೋದ ವರ್ಷ ಕುರಿಹಟ್ಟಿಗೆ ನಾಯಿ ನುಗ್ಗಿ ಹನ್ನೊಂದು ಕುರಿ ಹೋದವು, ಅದರಲ್ಲಿ ಏಳು ಒಬ್ಬ ವಿಧವೆಯವು.

ಕಾನೂನು ಹೊರಡಿಸುವುದರಲ್ಲೂ ಸ್ವಲ್ಪ ಹಳ್ಳಿಯವರನ್ನು ಕೇಳಿದರೆ ಎಷ್ಟೋ ಖರ್ಚು ಉಳಿಯುತ್ತೆ. 2017ರ ಮೇ ತಿಂಗಳಲ್ಲಿ ದನದ ಸಂತೆಗೆ ಒಂದು ನಿಯಮ ಬಂದಿತ್ತು, ನೆನಪಿದೆಯೇ? ಕೊಂಡ ರಾಸನ್ನು ಆರು ತಿಂಗಳು ಮಾರಬಾರದು, ಮಾರಾಟದ ರುಜುವಾತಿಗೆ ಐದು ಪ್ರತಿ ಕಾಗದ, ಸಂತೆಯಲ್ಲಿ ರಾಸಿನ ಕೊಂಬಿಗೆ ಬಣ್ಣ ಹಚ್ಚಬಾರದು, ಅಲಂಕಾರ ಮಾಡಬಾರದು. ಹೇಮಗಿರಿ, ಮುಡುಕುತೊರೆ, ಚುಂಚನಕಟ್ಟೆ ಜಾತ್ರೆಗೆ ಬೋಳುಕೊಂಬಿನ ಎತ್ತು ಕಟ್ಟಿಕೊಂಡು ಹೋಗುವುದನ್ನು ಯೋಚನೆ ಮಾಡಿ! ವಾರದೊಳಗೆ ಮದುರೆಯ ಹೈಕೋರ್ಟ್ ಪೀಠ ತಡೆ ಕೊಟ್ಟಿತು, ಜುಲೈನಲ್ಲಿ ಸುಪ್ರೀಂ ಕೋರ್ಟು ಆ ತಡೆಯನ್ನು ದೇಶಕ್ಕೆಲ್ಲ ಹಬ್ಬಿಸಿತು. ಎತ್ತಿನಗಾಡಿ ಓಟ, ಕಂಬಳದ ಕಥೆಯೂ ಹಾಗೇ. 2014ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪು, 2017ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ, ಅದು ಸರಿ ಅಂತ ಕೋರ್ಟು ಹೇಳಿದ್ದು 2023ರ ಮೇನಲ್ಲಿ. ಒಂಬತ್ತು ವರ್ಷ. ಎರಡೂ ಕಡೆಯ ವಕೀಲರ ಫೀಜಿನಲ್ಲಿ ಎಷ್ಟು ದನದ ಆಸ್ಪತ್ರೆಗೆ ಸುಣ್ಣ ಬಣ್ಣ ಮಾಡಿಸಬಹುದಿತ್ತೋ!

ಹಾಗಾದರೆ ನಿಮ್ಮ ಬೇಡಿಕೆ ಏನು ಅಂತ ಒಕ್ಕೂಟದ ಸಾಹೇಬರು ಆಗಲೇ ಕೇಳಿದರು. ಶಿಕ್ಷೆ ಹೆಚ್ಚು ಮಾಡಿ, ನಮ್ಮ ವಿರೋಧ ಇಲ್ಲ. ಬೇಕೆಂತಲೇ ಕಾಲು ಮುರಿಯುವವನು, ಆಸಿಡ್ ಎರಚುವವನು ಜೈಲಿಗೆ ಹೋಗಲಿ. ಅಂಥವನಿಗೆ 2024ರ ಜುಲೈನಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 325ನೇ ಸೆಕ್ಷನ್‌ನಲ್ಲೇ ಐದು ವರ್ಷದವರೆಗೆ ಶಿಕ್ಷೆ ಇದೆ, ಹೊಸದೇನೂ ಬೇಕಾಗಿಲ್ಲ, ಅದನ್ನು ನಡೆಸಿದರೆ ಸಾಕು. ಬಡತನದಿಂದಲೋ ತಿಳಿಯದೆಯೋ ಆದ ತಪ್ಪನ್ನು ಅದೇ ತಕ್ಕಡಿಯಲ್ಲಿ ತೂಗಬೇಡಿ. ಹೆಗಲು ಹುಣ್ಣಾದ ಎತ್ತು ಕಂಡರೆ ಮೊದಲು ಔಷಧಿ ಹಚ್ಚಿ ಹದಿನೈದು ದಿನ ಹೂಡಬೇಡ ಅಂತ ಬರೆದು ಕೊಡಲಿ, ಕೇಳದಿದ್ದರೆ ಕೇಸು ಹಾಕಲಿ. ಹಿಡಿದ ರಾಸಿನ ವಿಷಯ ಒಂದು ತಿಂಗಳಲ್ಲಿ ತೀರ್ಮಾನ ಆಗಬೇಕು, ಮನುಷ್ಯನ ಕೇಸು ಆಮೇಲೆ ಎಷ್ಟು ದಿನ ಬೇಕಾದರೂ ನಡೆಯಲಿ. ಜಿಲ್ಲೆಗೊಂದು ಪ್ರಾಣಿದಯಾ ಸಂಘ ಇರಬೇಕು, ರಾಜ್ಯ ಸರ್ಕಾರ ಅದಕ್ಕೆ ಜಾಗ ಕೊಡಬೇಕು ಅಂತ 2001ರ ನಿಯಮದಲ್ಲೇ ಬರೆದಿದೆ. ಅದನ್ನು ತಾಲ್ಲೂಕಿಗೆ ಇಳಿಸಿ, ಮೇವಿನ ಅನುದಾನ ಇಟ್ಟು, ಆಮೇಲೆ ದಂಡ ಹೆಚ್ಚಿಸಲಿ. ವಸೂಲಾದ ದಂಡ ಅಲ್ಲಿನ ಗೋದಲಿಗೇ ಬರಲಿ.

ನಾವು ಮಾಡಬಹುದಾದದ್ದೂ ಇದೆ, ಎಲ್ಲಾ ಸರ್ಕಾರದ ಮೇಲೆ ಹಾಕಿ ಕೂರುವುದು ಸಹಕಾರಿಗಳಿಗೆ ಒಪ್ಪುವುದಿಲ್ಲ. ಹೆಣ್ಣುಕರುವೇ ಹೆಚ್ಚಾಗಿ ಹುಟ್ಟುವ, ಲಿಂಗ ಬೇರ್ಪಡಿಸಿದ ವೀರ್ಯದ ಕಡ್ಡಿ ಈಗ ಸಿಗುತ್ತಿದೆ. ನೂರಕ್ಕೆ ಸುಮಾರು ತೊಂಬತ್ತು ಹೆಣ್ಣು. ಬೆಲೆ ಸ್ವಲ್ಪ ಜಾಸ್ತಿ, ಗಬ್ಬ ನಿಲ್ಲುವುದು ಸಾದಾ ಕಡ್ಡಿಗಿಂತ ಒಂಚೂರು ಕಡಿಮೆ, ಹೀಗಾಗಿ ಪಡ್ಡೆಗೆ, ಆರೋಗ್ಯವಾದ ಹಸುವಿಗೆ ಕೊಡಿಸುವುದು ಮೇಲು ಅಂತ ಡಾಕ್ಟರು ಹೇಳುತ್ತಾರೆ. ಒಂದು ಕಡ್ಡಿಯ ಬೆಲೆ, ಬೇಡದೆ ಹುಟ್ಟಿದ ಕರು ಒಂದು ವರ್ಷ ತಿನ್ನುವ ಮೇವಿನ ಮುಂದೆ ಏನೇನೂ ಅಲ್ಲ. ಬರುವ ಮಹಾಸಭೆಯಲ್ಲಿ ನಾವು ಎರಡು ನಿರ್ಣಯ ಮಂಡಿಸುತ್ತೇವೆ. ಬೈಲಾ ಒಪ್ಪುವಷ್ಟು ಹಣವನ್ನು ಲಾಭದ ಧರ್ಮಾರ್ಥ ನಿಧಿಯಿಂದ ತೆಗೆದು ಸದಸ್ಯರಿಗೆ ಈ ಕಡ್ಡಿಯ ಬೆಲೆಯಲ್ಲಿ ಅರ್ಧ ಸಂಘವೇ ಭರಿಸುವುದು ಒಂದು. ಹಳೇ ದೊಡ್ಡಿಯ ಜಾಗವನ್ನು ಪಂಚಾಯಿತಿಯಿಂದ ಕೇಳಿ ಪಡೆದು, ತಗಡು ಹೊದಿಸಿ, ದಾರಿಯಲ್ಲಿ ಸಿಕ್ಕ ಕರುಗಳನ್ನು ಹತ್ತು ದಿನ ಕಟ್ಟಲು ಅನುಕೂಲ ಮಾಡುವುದು ಇನ್ನೊಂದು. ಹತ್ತು ದಿನಕ್ಕೆ ಎಷ್ಟು ಹುಲ್ಲು ಬೇಕು ಅಂತ ಈಗಾಗಲೇ ಲೆಕ್ಕ ಹಾಕಿದ್ದೇವೆ. ಸದಸ್ಯರು ಸುಗ್ಗಿಯಲ್ಲಿ ಮನೆಗೆ ಎರಡು ಹೊರೆ ಹುಲ್ಲು ಕೊಟ್ಟರೆ ವರ್ಷ ಕಳೆಯುತ್ತೆ. ಕೊಡುವವರ ಪಟ್ಟಿಯನ್ನು ಕಾರ್ಯದರ್ಶಿಗಳು ಹಾಲು ಅಳೆಯುವ ಮೇಜಿನ ಮೇಲೆ ಇಟ್ಟಿದ್ದಾರೆ, ಸಾಯಂಕಾಲದ ಹಾಲು ಹಾಕಲು ಬಂದಾಗ ಹೆಸರು ಬರೆಸಿ. ಇಲ್ಲಿಯವರೆಗೆ ಹದಿನಾಲ್ಕು ಹೆಸರು ಬಂದಿವೆ.